ಒಂದು ಅಂಕದ ಪ್ರಶ್ನೆ

ಯಶವಂತಪುರದ ಈರುಳ್ಳಿ ಮಂಡಿಯ ಹಿಂದೆ ನಮ್ಮ ಶಾಲೆ.
ಕಡಲು ಇಲ್ಲಿಂದ ಮುನ್ನೂರೈವತ್ತು ಕಿಲೋಮೀಟರು ದೂರ,
ಒಂಬೈನೂರು ಮೀಟರು ಕೆಳಗೆ.
ಭೂಪಟವನ್ನು ಹೋದ ವರ್ಷವೇ ಗೆದ್ದಲು ತಿಂದಿತು,
ಪೋರ್ಚುಗಲ್ಲಿನಿಂದ ಶುರುಮಾಡಿ.

ಹಾಗಾಗಿ ಅಂಗಳಕ್ಕಿಳಿದೆವು.
ರಂಗೋಲಿ ಪುಡಿಯಲ್ಲಿ ಆಫ್ರಿಕಾ ಬಿಟ್ಟೆ,
ಚುಕ್ಕಿಯಿಲ್ಲದೆ, ಕೈ ಹೋದ ಹಾಗೆ;
ಮೂಗು ಸ್ವಲ್ಪ ಜಾಸ್ತಿಯೇ ಮುಂದೆ ಬಂತು.
ಬೋರ್‌ವೆಲ್ಲಿನ ಕಟ್ಟೆ ಕಲ್ಲಿಕೋಟೆ,
ಕಾಲು ಮುರಿದ ಬೆಂಚು ಹಡಗು.
ನೂಕಬೇಡ್ರೋ ಅಂದರೂ ಹನ್ನೊಂದು ಜನ ಹತ್ತಿದರು.

"ಸಮುದ್ರ ಎಷ್ಟು ದೊಡ್ಡದೈತ್ರೀ ಟೀಚರ್,
ನಮ್ಮ ನಾರಾಯಣಪುರ ಡ್ಯಾಮಿನಷ್ಟ?"
ಯಲ್ಲಾಲಿಂಗ ಕೇಳಿದ, ಮೆಟ್ರೊ ಕೆಲಸಕ್ಕೆ ಬಂದ
ಯಾದಗಿರಿಯವರ ಮಗ.
ಅದಕ್ಕಿಂತ ದೊಡ್ಡದು, ಅಂದೆ.
ಎಷ್ಟು ದೊಡ್ಡದೆಂದು ನನಗೂ ತಿಳಿಯದು.
ನಾನು ಕಂಡಿದ್ದು ಒಂದೇ ಸಲ, ಬಿ.ಎಡ್. ಟೂರಿನಲ್ಲಿ,
ಪಣಂಬೂರಿನ ಮರಳ ಮೇಲೆ
ಎಲ್ಲರ ಚಪ್ಪಲಿ ಕಾಯುತ್ತ.

ಒಸಡು ಬಾತು, ಹಲ್ಲು ಉದುರಿ, ಎಷ್ಟೋ ಜನ
ಹಡಗಿನಲ್ಲೇ ಸತ್ತರು ಎಂದಾಗ
ಬಿಸಿಯೂಟದ ಅಡುಗೆಯವಳ ಮಗಳು ರೋಸ್ಲಿನ್:
"ನಿಂಬೆಹಣ್ಣು ಇರ್ಲಿಲ್ವಾ ಮಿಸ್?
ಒಂದಿನ ಚಿತ್ರಾನ್ನ ಮಾಡ್ಕೊಬಾರ್ದಿತ್ತಾ?"

ಗಂಟೆ ಹೊಡೆದರೂ ಯಾರೂ ಹಡಗು ಇಳಿಯಲಿಲ್ಲ.
ಬೆಂಚು ಎತ್ತಿಕೊಂಡೇ ಭೂಶಿರ ಬಳಸಿದರು,
ಚಪ್ಪಲಿಗೆ ಅರ್ಧ ಆಫ್ರಿಕಾ ಅಂಟಿಸಿಕೊಂಡು
ಬಲದಂಡೆಗೆ ಬಂದು ನಿಂತರು.
ಇನ್ನು ಮುಂದೆ ಬರೀ ಮಣ್ಣು. ಅಂದರೆ ನೀರು.

"ಇಲ್ಲಿ ಮಾಲಿಂದಿ ಅಂತ ಒಂದು ಊರು.
ಇಲ್ಲಿಂದ ಒಬ್ಬ ನಾವಿಕನನ್ನು ಹತ್ತಿಸಿಕೊಂಡರು.
ಅವನಿಗೆ ಈ ಕಡಲಿನ ಗಾಳಿ ಗೊತ್ತಿತ್ತು.
ಇಪ್ಪತ್ತಮೂರು ದಿನ, ಇಗೋ, ಕಲ್ಲಿಕೋಟೆ."

"ಅವರ ಹೆಸರೇನು ಮಿಸ್?"
ಜಬೀವುಲ್ಲಾ. ಮಾತೇ ಆಡುವ ಹುಡುಗನಲ್ಲ.

ಹೆಸರು ಪಾಠದಲ್ಲಿ ಕೊಟ್ಟಿಲ್ಲ ಕಣೋ.
ತಿಳಿದವರೂ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

"ಕ್ಲೀನರ್ರಾ?"

ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಅವನಪ್ಪ ರಾತ್ರಿಯೆಲ್ಲ ನೆಲಮಂಗಲದ ಟೋಲಿನಲ್ಲಿ ಕಾದು
ನಾಸಿಕದ ಲಾರಿ ಹತ್ತುತ್ತಾನೆ.
ಯಾವ ಗಲ್ಲಿಯಲ್ಲಿ ಕೇಬಲ್ಲು ಜೋತುಬಿದ್ದಿದೆ,
ಯಾವ ತಿರುವಿನಲ್ಲಿ ಪೊಲೀಸು, ಎಲ್ಲಿ ಅಗೆದು
ಹಾಗೇ ಬಿಟ್ಟುಹೋಗಿದ್ದಾರೆ, ಎಲ್ಲ ಅವನ ಅಂಗೈಯಲ್ಲಿ;
ಆ ಅಂಗೈಯಿಂದಲೇ ಬಾಗಿಲು ಬಡಿಯುತ್ತಾನೆ,
ಬರ್ಲಿ, ಬರ್ಲಿ, ರೈಟ್, ಹೋಲ್ಡಾನ್.
ಲಾರಿಯ ಹಣೆಯ ಮೇಲೆ ಮಾಲೀಕನ ಹೆಸರು,
ಬೆನ್ನ ಮೇಲೆ ಮಾಲೀಕನ ಮಕ್ಕಳ ಹೆಸರು,
ನಡುವೆ ಹದಿನಾರು ಟನ್ ಈರುಳ್ಳಿ.

ಪರೀಕ್ಷೆ ಬಂತು. ಒಂದು ಅಂಕದ್ದು, ಏಳನೆಯದು:
ಭಾರತಕ್ಕೆ ಜಲಮಾರ್ಗ ಕಂಡುಹಿಡಿದವರು ಯಾರು?
ಎಲ್ಲರೂ ವಾಸ್ಕೊ ಡ ಗಾಮ ಎಂದು ಬರೆದರು.
ವಾಸ್ಕೊ ಡಿ. ರಾಮ ಎಂದವನಿಗೂ
ಒಂದು ಅಂಕ ಕೊಟ್ಟೆ, ಹೋಗಲಿ ಪಾಪ.
ಜಬೀವುಲ್ಲಾ ದುಂಡಗೆ ಬರೆದಿದ್ದ:
"ಮಾಲಿಂದಿಯಲ್ಲಿ ಹತ್ತಿದವರು.
ಹೆಸರು ಪುಸ್ತಕದಲ್ಲಿ ಬಿಟ್ಟುಹೋಗಿದೆ."
ಕೆಳಗೆ ಒಂದು ಗೆರೆ ಎಳೆದು ಖಾಲಿ ಬಿಟ್ಟಿದ್ದ,
ಗೊತ್ತಿದ್ದವರು ತುಂಬಲಿ ಎಂಬಂತೆ.

ಮೇಲಿನವರು ಕಳಿಸಿದ ಉತ್ತರಪಟ್ಟಿಯಲ್ಲಿ
ಇದಕ್ಕೆ ಜಾಗವಿಲ್ಲ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ,
ಎದ್ದು ಹಾಲು ಹೆಪ್ಪಿಗಿಟ್ಟು ಬಂದೆ,
ಮತ್ತೆ ತೆಗೆದೆ.

ರಾತ್ರಿ ಎರಡಾಗಿತ್ತು.
ಕಿಟಕಿಯ ಕೆಳಗೆ ಓಣಿಯಲ್ಲಿ ಸಿಕ್ಕಿಬಿದ್ದ ಲಾರಿಯೊಂದು
ಹಿಂದೆ ಹಿಂದೆ ಸರಿಯುತ್ತಿತ್ತು.
ತಗಡಿನ ಮೇಲೆ ಅಂಗೈ. ಬರ್ಲಿ, ಬರ್ಲಿ.
ಬಗ್ಗಿ ನೋಡಿದರೆ ಮುಖ ಕಾಣದು,
ಬೀಡಿಯ ಕಿಡಿಯೊಂದು ಬಿಟ್ಟು.

"ಯಾರಪ್ಪಾ ಅದು, ಏನು ನಿನ್ನ ಹೆಸರು?"

ಅಂಗೈ ಸದ್ದು ನಿಂತಿತು.
"ಐದೇ ನಿಮಿಷ ಅಕ್ಕಾ, ಕಂಪ್ಲೇಂಟ್ ಮಾಡಬೇಡಿ,
ಈಗ ಹೋಗಿಬಿಡ್ತೀವಿ."