ಕಾಲು ಮಾತ್ರೆ

ಜಹ್ರಾದಲ್ಲಿ ಆ ವಾರ ಗಾಳಿಗೆ ಬೇರೆ ಕೆಲಸವಿರಲಿಲ್ಲ.
ಇರಾಕಿನ ಕಡೆಯಿಂದ ಧೂಳು ಹೊತ್ತು ತಂದು
ವಾರ್ಡಿನ ಕಿಟಕಿಗೆ ಸುರಿಯುತ್ತಿತ್ತು.
ಒದ್ದೆ ಟವೆಲು ಸಂದಿಗೆ ತುರುಕಿ
ಹಗಲಲ್ಲೇ ದೀಪ ಹಾಕಿ
ನಾವು ಬಿಪಿ ನೋಡುತ್ತಿದ್ದೆವು.

ಹನ್ನೊಂದನೇ ಮಂಚ: ದಾವಲಸಾಬ ನದಾಫ, ಐವತ್ತೆಂಟು,
ದಿಶ್‌ದಾಶ ಹೊಲಿಯುವ ದರ್ಜಿ, ಊರು ಗಜೇಂದ್ರಗಡದ ಹತ್ತಿರ.
ನಾನು ಕನ್ನಡದವಳೆಂದು ತಿಳಿದ ದಿನ
ಅರ್ಧ ಗುಣವಾದವನಂತೆ ಎದ್ದು ಕೂತಿದ್ದ.
ನನ್ನ ಕುಮಟೆ ಮಾತು ಕೇಳಿ ನಗುತ್ತಿದ್ದ.
"ತಂಗಿ, ನಿನ್ನ ಅಂಗಿ ತೋಳು ಕಾಲಿಂಚು ಉದ್ದ ಐತಿ,
ಯಾರ ಕತ್ತರಿಸ್ಯಾರ ಇದನ್ನ?"

ಚೀಟಿಯಲ್ಲಿ ಇದ್ದದ್ದು 0.25.
ಅದರ ಮುಂದೆ ಏನೂ ಇಲ್ಲ.
ಕಿಡ್ನಿ ಸೋತವನಿಗೆ ಕಾಲು ಮಾತ್ರೆ ಸಾಕು,
ಅದು ಡಾಕ್ಟರರ ಮನಸ್ಸಿನಲ್ಲಿತ್ತು.
ಡಬ್ಬಿಯ ಮೇಲೂ ಅದೇ 0.25, ಮಿಲಿಗ್ರಾಂ, ಇಡೀ ಮಾತ್ರೆ.
ಎರಡೂ ಹೊಂದಿತು. ಹೊಂದಿದ್ದಕ್ಕೇ ನಂಬಿದೆ.
ಎದೆಗೆಂದು ಕೊಟ್ಟ ಆ ಬಿಳಿ ಚುಕ್ಕೆ
ಕುಂಕುಮದ ಬೊಟ್ಟಿಗಿಂತ ದೊಡ್ಡದಲ್ಲ,
ಮುರಿಯಬೇಕೆಂದು ಯಾರಿಗೂ ಅನ್ನಿಸದಷ್ಟು ಸಣ್ಣದು.
ಎಂಟು ಬೆಳಿಗ್ಗೆ, ಎಂಟು ಮಾತ್ರೆ. ನಾಲ್ಕು ನನ್ನ ಕೈಯಿಂದ.

ಐದನೇ ದಿನ ಗಂಜಿ ಸರಿಸಿದ. ಆರನೇ ದಿನ ವಾಂತಿ.
ಏಳನೇ ದಿನ ನನ್ನ ಕೈ ಹಿಡಿದು ಹೇಳಿದ:
"ತಂಗಿ, ಎಲ್ಲಾ ಅರಿಷಿಣ ಬಳದಂಗ ಕಾಣತೈತಿ.
ಹಾಸಿಗಿ, ಗ್ವಾಡಿ, ನಿನ್ನ ಅಂಗಿ ಸೈತ.
ದೀಪದ ಸುತ್ತ ಹಳದಿ ಬಳಿ ಐತಿ ನೋಡು."
ನಾನು ಕಿಟಕಿಯತ್ತ ತಿರುಗಿದೆ.
ನಿಜಕ್ಕೂ ಹಳದಿ: ರಸ್ತೆ, ನೀರಿನ ಟ್ಯಾಂಕು, ಮಸೀದಿಯ ಮಿನಾರು.
"ಧೂಳು ಅಣ್ಣಾ," ಅಂದೆ, "ನನಗೂ ಹಾಗೇ ಕಾಣ್ತದೆ."
ಕಣ್ಣಿಗೆ ಎರಡು ಹನಿ ಹಾಕಿ ಹೋದೆ.

ಹೊನ್ನಾವರದ ಹಾಸ್ಟೆಲಿನಲ್ಲಿ, ಪರೀಕ್ಷೆಯ ಹಿಂದಿನ ರಾತ್ರಿ,
ಬಾಯಿಪಾಠ ಮಾಡಿದ ಸಾಲು ಅದು:
ಈ ಔಷಧ ಮಿತಿ ಮೀರಿದರೆ ರೋಗಿಗೆ ಲೋಕ ಹಳದಿ.
ಇಂಗ್ಲಿಷಿನಲ್ಲಿ ಎರಡು ಅಂಕಕ್ಕೆ ಕೇಳಿದ್ದರು. ಬರೆದಿದ್ದೆ.
ಕನ್ನಡದಲ್ಲಿ ಎದುರು ಬಂದಾಗ
ಗುರುತು ಹತ್ತಲಿಲ್ಲ.

ಎಂಟನೇ ರಾತ್ರಿ ನಾಡಿ ಮೂವತ್ತನಾಲ್ಕು.
ಪ್ರತಿಮದ್ದು ಸಿಟಿಯ ದೊಡ್ಡಾಸ್ಪತ್ರೆಯಲ್ಲಿತ್ತು;
ಧೂಳಿನಲ್ಲಿ ತಡವರಿಸುತ್ತ
ನಡೆದು ಬಂದ ಹಾಗೆ ಬಂತು ಆಂಬುಲೆನ್ಸು.
ಬಂದಾಗ ಬೆಳಗಿನ ಬಾಂಗು ಆಗಿತ್ತು.
ಡಾಕ್ಟರು ಪೊಟ್ಟಣ ತೆರೆಯಲಿಲ್ಲ.

ಘಟನೆಯ ಫಾರಂ ನಾಲ್ಕು ಪುಟ.
ರೋಗಿ ಲಕ್ಷಣ ತಿಳಿಸಿದ್ದರೇ? ಹೌದು.
ಯಾರಿಗೆ? ನನ್ನ ಹೆಸರು.
ದುಭಾಷಿಯ ಅಗತ್ಯವಿತ್ತೇ?
ಪೆನ್ನು ಅಲ್ಲಿ ಬಹಳ ಹೊತ್ತು ನಿಂತಿತು.
ಇರಲಿಲ್ಲ ಎಂದು ಬರೆದೆ.

ಲಾಕರಿನಲ್ಲಿ ಸಿಕ್ಕಿದ್ದು
ಸವೆದ ಸೀಮೆಸುಣ್ಣದ ಬಿಲ್ಲೆ, ಫೋನಿನ ಚಾರ್ಜರು,
ಸುರುಳಿ ಸುತ್ತಿದ ಅಳತೆ ಟೇಪು.
ಟೇಪು ಮೊದಲಿಂದಲೂ ಹಳದಿಯದೇ.
ಕಾಲಿಂಚಿಗೆ ಗಿಡ್ಡ ಗೆರೆ, ಅರ್ಧಕ್ಕೆ ಸ್ವಲ್ಪ ಉದ್ದ,
ಇಡಿಗೆ ಪೂರಾ ಉದ್ದ,
ಯಾವ ಕಣ್ಣಿಗೂ ತಪ್ಪದ ಹಾಗೆ.