ಮ್ಯಾಚಿಂಗ್ ಸೆಂಟರ್

ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ
ಇಪ್ಪತ್ತೆರಡು ವರ್ಷದಿಂದ ನನ್ನದು ಒಂದೇ ಕೆಲಸ:
ಸೀರೆ ನೋಡು, ಕಪಾಟು ನೋಡು,
ರವಿಕೆಯ ಥಾನು ಎಳೆ, ಬಾಗಿಲಿಗೆ ಓಡು.
ಟ್ಯೂಬ್‌ಲೈಟು ಸುಳ್ಳು ಹೇಳುತ್ತೆ.
ಬಿಸಿಲು ಹೇಳಲ್ಲ.

ಎಸ್.ಪಿ. ರೋಡಿನಿಂದ ತಬ್ರೇಜ್ ತಂದಿಟ್ಟ
ಹಳೇ ಕಂಪ್ಯೂಟರು, ಒಳಗೆ ಲಿನಕ್ಸು.
'ಪುಕ್ಕಟೆ ಚೂಡಾಮಣಕ್ಕಾ, ವೈರಸ್ಸಿನ ಕಾಟ ಇಲ್ಲ.
ಯಾವ ಬಣ್ಣ ಹಾಕಲಿ?'
ಕೇಳಬಾರದವಳನ್ನು ಕೇಳಿದ.
ಬಾಟಲ್ ಗ್ರೀನ್ ಅಂದೆ, ಅಂಚಿಗೆ ಮೆಂತ್ಯ.

ಬಂತು. ಕಡತದ ಕಿಟಕಿ ಹಸಿರು, ಗಡಿಯಾರದ ಪಟ್ಟಿ ಹಸಿರು,
ಮೌಸು ಸೋಕಿದ ಗುಂಡಿಗೆಲ್ಲ ಮೆಂತ್ಯದ ಗೆರೆ.
ಬಿಲ್ಲು ಹಾಕುವ ಕಿಟಕಿ ಮಾತ್ರ
ಆಸ್ಪತ್ರೆಯಿಂದ ನೇರ ಮದುವೆಮನೆಗೆ ಬಂದವರ ಹಾಗೆ
ಬೂದುಬಿಳಿ.

ಎರಡು ದಿನ ತಡೆದೆ.
ಮೂರನೇ ದಿನ ಕಣ್ಣು ನೋಯಿತು.
ತಬ್ರೇಜ್ ತಲೆ ಕೆರೆದ: 'ಅದು ಜಿಟಿಕೆ, ಇದು ಕ್ಯೂಟಿ,
ಹೊಲಿದವರೇ ಬೇರೆ ಅಕ್ಕಾ.'
ಹಾಗನ್ನು ಮತ್ತೆ! ಒಂದೇ ಬಾನಿಯಲ್ಲಿ ಅದ್ದಿದರೂ
ಹತ್ತಿ ಕುಡಿದಷ್ಟು ಪಾಲಿಯೆಸ್ಟರ್ ಕುಡಿಯುತ್ತಾ?

ಇಬ್ಬರ ನಡುವೆ ಒಬ್ಬ ದಲ್ಲಾಳಿಯನ್ನು ಕೂರಿಸಿ
ಒಂದು ಸಾಲು ಬರೆದು, ಆಫ್ ಮಾಡಿ ಆನ್ ಮಾಡಿದ.
ಬಿಲ್ಲು ಹಸಿರಾಯಿತು. ಹತ್ತಿರ ಹೋದೆ.
ಹಸಿರೇ. ಒಂದು ಸಲ ಕಮ್ಮಿ ಅದ್ದಿದ ಹಸಿರು.
'ಯಾರಿಗೂ ಗೊತ್ತಾಗಲ್ಲ' ಅಂದ.
ಈ ಅಂಗಡಿಯಲ್ಲಿ ಆ ಮಾತು ಆಡಬಾರದು.

ನಂಬರು ಕೇಳಿದ. ನನ್ನ ಬಣ್ಣಗಳಿಗೆ ನಂಬರಿಲ್ಲ,
ಅವು ಅರಗಿಣಿ, ಈರುಳ್ಳಿಸಿಪ್ಪೆ, ಕನಕಾಂಬರ, ಇಟ್ಟಿಗೆಪುಡಿ.
ಅವನದು ಆರೇ ಅಕ್ಷರ, ಮುಂದೊಂದು ಜಾಲರಿ.
ಫಾಲ್ಸಿನ ತುಂಡನ್ನು ಪರದೆಗೆ ಒತ್ತಿ ಹಿಡಿದೆ,
ಅವನು ಅಂಕೆ ಏರಿಸಿದ, ಇಳಿಸಿದ, ಏರಿಸಿದ,
ನಾನು 'ಹ್ಞಾಂ' ಅನ್ನುವ ತನಕ.
ಟೀ ಆರಿತ್ತು.

ಇನ್ನೊಂದು ಉಳಿಯಿತು. ಪ್ರಿಂಟರ್ ಸರಿಮಾಡಲು
ಯಜಮಾನರ ಪಾಸ್‌ವರ್ಡ್ ಕೊಟ್ಟು ತೆಗೆದರೆ
ಆ ಕಿಟಕಿ ಬರೀ ಬೋಳು.
'ಅದು ಯಜಮಾನರ ಲೆಕ್ಕದಲ್ಲಿ ಓಡುತ್ತೆ ಅಕ್ಕಾ,
ನಿಮ್ಮ ಥೀಮು ನಿಮ್ಮ ಮನೆಯೊಳಗಷ್ಟೆ.'
ಗಲ್ಲಾದ ಹಿಂದೆ ಪಾರಸ್‌ಮಲ್ ಕೂತಿದ್ದರು,
ಬಿಳಿ ಜುಬ್ಬ, ಬಿಳಿ ಪೈಜಾಮ, ಹೆಗಲ ಮೇಲೆ ಬಿಳಿ ಟವೆಲು,
ಸುತ್ತ ನಾನೂರು ಬಣ್ಣ.
ಇಬ್ಬರೂ ಆ ಕಡೆ ನೋಡಿದೆವು.
'ಅದಿರಲಿ ಬಿಡು' ಅಂದೆ.

ಅಷ್ಟರಲ್ಲಿ ಯಾರೋ ಬಂದರು, ಕವರಿನಲ್ಲಿ ಹಳೇ ರೇಷ್ಮೆ,
ಯಾವ ಥಾನಿಗೂ ಒಪ್ಪದ ನೇರಳೆ.
ಬಾಗಿಲಿಗೆ ಮೂರು ಸಲ ಹೋಗಿ ಬಂದೆ.
'ಕಾಂಟ್ರಾಸ್ಟ್ ತಗೊಳಿ, ಈಗ ಅದೇ ಫ್ಯಾಷನ್ನು'
ನಾಲಿಗೆ ತುದಿಗೆ ಬಂತು. ನುಂಗಿದೆ.
ಅಂಚಿನ ಮಡಿಕೆ ಬಿಚ್ಚಿ
ಬಿಸಿಲು ಕಾಣದ ಅರ್ಧ ಇಂಚು ತೋರಿಸಿದೆ:
ಇದಕ್ಕೆ ಕೊಡಲಾ, ಮೇಲಿನದಕ್ಕೆ ಕೊಡಲಾ?

ಅವರು ಯೋಚಿಸುತ್ತಾ ನಿಂತರು.
ಮುಟ್ಟುವವರಿಲ್ಲದೆ ಪರದೆ ನಿದ್ದೆ ಹೋಯಿತು, ಕಪ್ಪಗೆ.
ಕಪ್ಪಲ್ಲೂ, ಹೇಳಿರ್ತೀನಿ,
ನಮ್ಮಲ್ಲಿ ಹದಿನಾಲ್ಕು ಥರ ಇದೆ.