ಗಂಟು ಹಾಕಿದ ಹುರಿ

"ಐವತ್ತು ಕುದುರೆ ಬಲ, ಹೆಲೆಡ್," ಅಂದ ಗೆಥಿನ್.
"ಕಟ್ಟೋದೆಲ್ಲಿ?" ಅಂದಳು.

ನಾಲ್ಕೆಕರೆ, ಅದರಲ್ಲೊಂದು ಜೌಗು,
ಹನ್ನೊಂದು ಕುರಿ, ವೇಲ್ಸಿನ ಗುಡ್ಡದ ಇಳಿಜಾರು.
ನೇಗಿಲು ಬೇಡ; ಹುಲ್ಲು ಕೊಯ್ಯಲೊಂದು ಬ್ಲೇಡು,
ಗೊಬ್ಬರಕ್ಕೊಂದು ಬಕೆಟ್ಟು,
ಮಗುಚದಷ್ಟು ಕುಳ್ಳು.

ಜೇಬಿನಿಂದ ಹುರಿ ತೆಗೆದಳು, ಎರಡು ಗಂಟಿನದು:
ಕಲ್ಲುಗೋಡೆ ಗೇಟಿಗೆ ಬಿಟ್ಟುಕೊಟ್ಟಷ್ಟು ಜಾಗ.
ಒಂದೊಂದು ಟ್ರ್ಯಾಕ್ಟರಿನ ಸೊಂಟಕ್ಕೂ ಹಿಡಿದಳು
ದರ್ಜಿಯ ಹಾಗೆ.
ಕೆಂಪು ದಪ್ಪ. ನೀಲಿಯೂ ದಪ್ಪ.

ಶೆಡ್ಡಿನ ಹಿಂದೆ, ಮುಳ್ಳುಕಂಟಿಯಲ್ಲಿ,
ಬಣ್ಣ ಬಿಟ್ಟದ್ದೊಂದು.
ಹುರಿಯಲ್ಲಿ ನಾಲ್ಕು ಬೆರಳು ಮಿಕ್ಕಿತು.
"ಚಳಿಗೆ ಸ್ಟಾರ್ಟ್ ಆಗುತ್ತಾ?"
"ಬೇಡಿಕೊಂಡರೆ."

ಸಂಜೆ ಗೇಟು ದಾಟುವಾಗ
ಠಣ್ ಅಂತ ಎಡಗನ್ನಡಿ ಉದುರಿತು.
ಕನ್ನಡಿಗಳನ್ನು ಅಳೆದಿರಲಿಲ್ಲ.
ಹನ್ನೊಂದೂ ಕುರಿ ತಲೆಯೆತ್ತಿ ನೋಡಿದವು.